ಸಾರಿನ ಪುಡಿ ಡಬ್ಬಿಯ ಮೇಲೆ ರಾಜ್ಯೋತ್ಸವ

ಮಕ್ಕಳ ಶಾಲೆಯಿಂದ ಆ ಮೆಸೇಜು ನಿಮ್ಮ ಮನೆಗೂ ಬಂದಿರುತ್ತದೆ ಬಿಡಿ. ರಾಜ್ಯೋತ್ಸವದ ಭಾಷಣ, ಎರಡು ನಿಮಿಷ, ಮನೆಯಲ್ಲೇ ಶೂಟ್ ಮಾಡಿ ಕಳಿಸಿ. ಫುಲ್ ಎಚ್‌ಡಿ ಇರಲಿ, ಹಿಂದೆ ಖಾಲಿ ಗೋಡೆ ಇರಲಿ, ಫೈಲು ಮಾತ್ರ 16 ಎಂಬಿ ದಾಟಕೂಡದು. ನನ್ನ ಫೋನಿನಲ್ಲಿ ಆ ಕ್ವಾಲಿಟಿಯ ಒಂದು ನಿಮಿಷವೇ 130 ಎಂಬಿ. ಅಂಬಾರಿ ಹೊರಿಸಿದ ಆನೆಯನ್ನು ಬೆಂಕಿಪೊಟ್ಟಣದಲ್ಲಿಟ್ಟು ತನ್ನಿ ಅಂದ ಹಾಗೆ. ಶಾಲೆಯ ದೂರದೃಷ್ಟಿಗೆ ಕೈಮುಗಿದೆ.

ಬೆಂಗಳೂರಿನ ಟು ಬಿಎಚ್‌ಕೆಯಲ್ಲಿ ಖಾಲಿ ಗೋಡೆ ಎಲ್ಲಿಂದ ತರುವುದು? ಬಚ್ಚಲಿನ ಪಕ್ಕ ಮೂರಡಿ ಸಿಕ್ಕಿತು. ಸಾರಿನ ಪುಡಿ ಡಬ್ಬಿ, ಮೇಲೆ ಹುರಿಗಡಲೆ ಡಬ್ಬಿ, ಅದರ ಮೇಲೆ ಫೋನು: ಮಗಳ ಕಣ್ಣಿನ ಮಟ್ಟಕ್ಕೆ ಸರಿಯಾಯಿತು. ಟ್ಯೂಬ್‌ಲೈಟ್ ಹಾಕಿದರೆ ಪರದೆಯಲ್ಲಿ ಕಪ್ಪು ಪಟ್ಟೆಗಳ ಮೆರವಣಿಗೆ. ನಮ್ಮ ಕರೆಂಟು 50 ಹರ್ಟ್ಜ್, ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ, ಸೆಕೆಂಡಿಗೆ 30 ಚಿತ್ರ ಹಿಡಿಯುವ ಫೋನಿಗೆ ಆ ತಾಳ ಕೂಡುವುದಿಲ್ಲ. ದೀಪ ಆರಿಸಿ ಕಿಟಕಿ ತೆಗೆದೆವು. ಬೆಳಕಿನ ಜೊತೆ ಈರುಳ್ಳಿ ಮಾರುವ ಆಟೋದ ರೆಕಾರ್ಡ್ ಕೂಗೂ ಒಳಗೆ ಬಂತು.

ಆ ಈರುಳ್ಳಿಯವನ ಬಗ್ಗೆ ಒಂದು ಮಾತು ಹೇಳಲೇಬೇಕು. ಈ ಊರಿನಲ್ಲಿ ಮನೆಯಲ್ಲಿ ಕೂತು ಅಚ್ಚುಕಟ್ಟಾಗಿ ರೆಕಾರ್ಡ್ ಮಾಡಿದವನು ಅವನೊಬ್ಬನೇ. ಮೈಕು ಬಾಯಿಗೆ ಹತ್ತಿರ ಇರಬೇಕೆನ್ನುವುದು ಅವನಿಗೆ ಗೊತ್ತು. ಫ್ಯಾನಿನ ಗುಂಯ್ ಇಲ್ಲ, ಗೋಡೆಯ ಮಾರ್ದನಿ ಇಲ್ಲ, ಕುಕ್ಕರ್ ಸೀಟಿ ಇಲ್ಲ. ಒಂದೇ ಟೇಕು, ವರ್ಷವಿಡೀ ಓಡುತ್ತದೆ. ಕಂಬಳಿ ಹೊದ್ದು ಹೇಳಿದನೋ ಏನೋ. ನಮ್ಮದು ಹದಿನಾಲ್ಕನೇ ಟೇಕು. ಮಗಳು 1956ರ ಬದಲು 1965 ಅಂದಳು, ಒಳಗಿಂದ ಅವಳಜ್ಜಿ “ಐವತ್ತಾರು ಕಣೇ!” ಅಂದರು. ಹದಿನೈದು.

ಫ್ಯಾನ್ ಇಲ್ಲದೆ ಬೆವರಿ, ಅರಿಶಿನ ಕುಂಕುಮದ ಬಾವುಟ ಕೈಯಲ್ಲೇ ಒದ್ದೆಯಾಗಿ, ಅಂತೂ ಮುಗಿಯಿತು. 16 ಎಂಬಿಗೆ ಕುಗ್ಗಿಸಿದ ಮೇಲೆ ಮಗಳಿಗೆ ಮೂಗೇ ಇರಲಿಲ್ಲ. ಕಳಿಸಿದೆ. ಎರಡು ನಿಮಿಷದ ವಿಡಿಯೊಗೆ ಒಂಬತ್ತು ಸೆಕೆಂಡಿನಲ್ಲಿ ಹೆಬ್ಬೆರಳು ಬಂತು.

ಅಲ್ಲ ಸ್ವಾಮಿ, ಆಡಿಟೋರಿಯಂ ಫೀಸು ಅಂತ ಬೇರೆ ರಸೀದಿ ಹರಿದಿದ್ದೀರಲ್ಲ? ಅಲ್ಲಿ ವೇದಿಕೆ ಇದೆ, ಮೈಕಿದೆ, ಕೂರಲು ಕುರ್ಚಿಗಳಿವೆ. ಮಗು ನಾಲ್ಕು ಜನರ ಮುಂದೆ ನಿಂತು, ತೊದಲಿ, ಚಪ್ಪಾಳೆ ಗಿಟ್ಟಿಸಿಕೊಂಡು ಇಳಿಯಬೇಕಾದ ದಿನ ಅದು. ನನ್ನ ಮಗಳು ಹುರಿಗಡಲೆ ಡಬ್ಬಿಯನ್ನು “ಮಾನ್ಯ ಸಭಿಕರೇ” ಅಂದಳು.

ಡಬ್ಬಿಗಳನ್ನು ಅಡುಗೆಮನೆಗೆ ಒಯ್ಯಲು ಹೋದರೆ ಹೆಂಡತಿ, “ಅಲ್ಲೇ ಇರ್ಲಿ ರೀ, ಮಕ್ಕಳ ದಿನಾಚರಣೆದೂ ಕೇಳಿದ್ದಾರೆ” ಅಂದಳು.