ಒಂದು ಬಾಳೆಹಣ್ಣು, ಒಂಬತ್ತು ಕೈ

ಸುದ್ದಿ ನೀವೂ ಓದಿರುತ್ತೀರಿ. ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಹೊಸ ಸದಸ್ಯರ ನಾಮನಿರ್ದೇಶನ ಆಗಿದೆ. ಶಾಸಕರು ಆದೇಶ ಪತ್ರ ಕೊಟ್ಟಿದ್ದಾರೆ, ಸದಸ್ಯರು ಶಾಲು ಹೊದ್ದಿದ್ದಾರೆ. ಯಾವ ತಾಲ್ಲೂಕು ಅಂತ ಕೇಳಬೇಡಿ. ಆ ಹೆಸರು ಅಳಿಸಿ ನಿಮ್ಮ ತಾಲ್ಲೂಕಿನ ಹೆಸರು ಬರೆದರೂ ಸುದ್ದಿ ಸುಳ್ಳಾಗುವುದಿಲ್ಲ.

ಕೆಳಗೆ ಫೋಟೋ. ಅಜ್ಜಿಯೊಬ್ಬರು ಹಾಸಿಗೆ ಮೇಲೆ ಕೂತಿದ್ದಾರೆ. ಒಂದು ಕೈಗೆ ಡ್ರಿಪ್ ಹಾಕಿದೆ. ಅವರ ಮುಂದೆ ಒಂದು ಬಾಳೆಹಣ್ಣು, ಅದನ್ನು ಹಿಡಿದಿರುವುದು ಒಂಬತ್ತು ಕೈ. ಹತ್ತನೆಯವರಿಗೆ ಹಣ್ಣು ಎಟುಕಿಲ್ಲ. ಪಾಪ, ಒಂಬತ್ತನೆಯವರ ಭುಜ ಹಿಡಿದುಕೊಂಡು ನಿಂತಿದ್ದಾರೆ. ಎಲ್ಲರ ಕಣ್ಣೂ ಕ್ಯಾಮೆರಾ ಮೇಲೆ. ಹಣ್ಣು ನೋಡುತ್ತಿರುವುದು ಅಜ್ಜಿ ಒಬ್ಬರೇ.

ಈ ಸದಸ್ಯರ ಮೇಲೆ ನನಗೆ ಬಹಳ ಗೌರವವಿದೆ. ಸಂಬಳವಿಲ್ಲ, ಪಿಂಚಣಿ ಇಲ್ಲ, ಗೂಟದ ಕಾರಿಲ್ಲ. ಆದರೂ ಬಂದಿದ್ದಾರೆ. ಹೇಗೆ ಬಂದರು ಅಂತ ತಿಳಿಯಬೇಕಾದರೆ ತಾಲ್ಲೂಕಿನ ಸಮಿತಿಗಳ ಜಾತಕ ಗೊತ್ತಿರಬೇಕು. ಚುನಾವಣೆ ಮುಗಿದ ಮೇಲೆ ಶಾಸಕರ ಮನೆ ಮುಂದೆ ಸಾಲು ನಿಲ್ಲುತ್ತದಲ್ಲ, ಅಲ್ಲಿ ಎಲ್ಲರೂ ಮೊದಲು ಕೇಳುವುದು ಬಗರ್ ಹುಕುಂ ಸಮಿತಿ. ಅಲ್ಲಿ ಭೂಮಿ ಇದೆ. ಅದು ಸಿಗದವರು ಆಶ್ರಯ ಸಮಿತಿ ಕೇಳುತ್ತಾರೆ. ಅಲ್ಲಿ ಸೈಟು, ಮನೆ ಇದೆ. ಇವೆರಡೂ ಕೈತಪ್ಪಿದವರು ಮುಖ ಊದಿಸಿಕೊಂಡು ಮೂಲೆಯಲ್ಲಿ ನಿಂತಿರುತ್ತಾರೆ. ಅವರನ್ನು ಹಾಗೇ ಕಳಿಸಿದರೆ ಮುಂದಿನ ಸಲ ಬೂತಿನಲ್ಲಿ ಕೂರುವವರು ಯಾರು? ಆಗ ಪಿಎ ಕಿವಿಯಲ್ಲಿ ಹೇಳುತ್ತಾನೆ, ‘ಅಣ್ಣಾ, ಆಸ್ಪತ್ರೆದು ಒಂದು ಖಾಲಿ ಇದೆ.’ ನಮ್ಮ ಆರೋಗ್ಯದ ರಕ್ಷಣೆ ಶುರುವಾಗುವುದು ಅಲ್ಲಿಂದ.

ಮರುದಿನ ಬಸ್ ಸ್ಟ್ಯಾಂಡ್ ಎದುರು ಫ್ಲೆಕ್ಸ್. ಬೈಕಿನ ಮೇಲೂ ನಂಬರ್ ಪ್ಲೇಟಿಗಿಂತ ದೊಡ್ಡ ಅಕ್ಷರದಲ್ಲಿ ‘ಸದಸ್ಯರು, ಆರೋಗ್ಯ ರಕ್ಷಾ ಸಮಿತಿ’. ಆ ಬೈಕಿನವರಿಗೆ ಎದೆನೋವು ಬಂದರೆ ಮಾತ್ರ ಅದೇ ಬೈಕು ಜಿಲ್ಲಾ ಕೇಂದ್ರದ ಖಾಸಗಿ ನರ್ಸಿಂಗ್ ಹೋಮಿನ ಮುಂದೆ ನಿಂತಿರುತ್ತದೆ. ತಮ್ಮ ಸಮಿತಿಯ ಆಸ್ಪತ್ರೆಯನ್ನು ಇಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರಿದ್ದಾರೆ ಹೇಳಿ.

ಈ ಸಮಿತಿಗಳ ಮೂಲ ಗೊತ್ತಾ? ಇಲಿ. ತಮಾಷೆಗೆ ಹೇಳುತ್ತಿಲ್ಲ. 1994ರಲ್ಲಿ ಸೂರತ್‌ನಲ್ಲಿ ಪ್ಲೇಗಿನ ಗಾಬರಿ ಎದ್ದಿತ್ತು. ಆಗ ಇಂದೋರಿನ ಮಹಾರಾಜ ಯಶವಂತರಾವ್ ಆಸ್ಪತ್ರೆಯಲ್ಲಿ ಎಲ್ಲಿ ನೋಡಿದರೂ ಇಲಿ. ರೋಗಿಗಳನ್ನು ಬೇರೆ ಕಡೆಗೆ ಸಾಗಿಸಿ, ಇಲಿ ಕೊಂದು, ಇಡೀ ಕಟ್ಟಡ ತೊಳೆದರು. ಮತ್ತೆ ಈ ಗತಿ ಬರಬಾರದು, ಆಸ್ಪತ್ರೆಯನ್ನು ಊರಿನವರೂ ಸೇರಿ ನೋಡಿಕೊಳ್ಳಲಿ ಅಂತ ರೋಗಿ ಕಲ್ಯಾಣ ಸಮಿತಿ ಹುಟ್ಟಿತು. ಆಲೋಚನೆ ಚೆನ್ನಾಗಿತ್ತು. ಮಧ್ಯಪ್ರದೇಶದ ಬೇರೆ ಆಸ್ಪತ್ರೆಗಳಿಗೂ ಹಬ್ಬಿತು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಮಿಷನ್ ಬಂದಾಗ ಅದನ್ನು ದೇಶಕ್ಕೆಲ್ಲ ಹಂಚಿದರು. ನಮ್ಮಲ್ಲಿ ಆರೋಗ್ಯ ರಕ್ಷಾ ಸಮಿತಿ ಅಂತ ಹೆಸರಿಟ್ಟರು.

ಇಲಿಗಳ ಕಥೆ ಅಲ್ಲಿಗೆ ಮುಗಿಯಬೇಕಿತ್ತು. 2025ರ ಆಗಸ್ಟ್ ಕೊನೆಯಲ್ಲಿ ಅದೇ ಇಂದೋರಿನ ಅದೇ ಆಸ್ಪತ್ರೆಯಲ್ಲಿ, ನವಜಾತ ಶಿಶುಗಳ ಐಸಿಯುನಲ್ಲಿ, ಎರಡು ಕೂಸುಗಳಿಗೆ ಇಲಿ ಕಚ್ಚಿತು. ಎರಡೂ ಉಳಿಯಲಿಲ್ಲ. ಸಾವಿಗೆ ಇಲಿ ಕಾರಣವಲ್ಲ, ಮೊದಲೇ ಇದ್ದ ತೊಂದರೆ ಕಾರಣ ಅಂತ ಆಸ್ಪತ್ರೆಯವರು ಹೇಳಿದರು. ಇರಬಹುದು. ಐಸಿಯುನಲ್ಲಿ ಇಲಿಗೆ ಏನು ಕೆಲಸ ಅನ್ನುವ ಪ್ರಶ್ನೆ ಹಾಗೇ ಉಳಿಯಿತು. ಮೂವತ್ತು ವರ್ಷ ಸಮಿತಿಗಳು ನಡೆದಿವೆ. ಎಷ್ಟು ಶಾಲು, ಎಷ್ಟು ಸಭೆ, ಎಷ್ಟು ಸಹಿ. ಇದರ ಮೇಲೆ ಜೋಕು ಮಾಡೋಣ ಅಂತ ಕೂತೆ. ಆಗಲಿಲ್ಲ, ಮುಂದೆ ಹೋಗೋಣ.

ದುಡ್ಡಿನ ವಿಷಯಕ್ಕೆ ಬರೋಣ. ಸಮಿತಿಯಲ್ಲಿ ಕೋಟಿಗಟ್ಟಲೆ ಹಣ ಓಡಾಡುತ್ತದೆ ಅಂತ ಊರಿನವರು ಅಂದುಕೊಂಡಿರುತ್ತಾರೆ. ಮಿಷನ್ ಶುರುವಾದಾಗ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಗೊತ್ತು ಮಾಡಿದ್ದು ವರ್ಷಕ್ಕೆ ನಿರ್ವಹಣೆಗೆ 50 ಸಾವಿರ, ಅನ್‌ಟೈಡ್ ಫಂಡ್, ಅಂದರೆ ಇಂಥದ್ದಕ್ಕೇ ಅಂತ ಕಟ್ಟುಹಾಕದ ಹಣ, 25 ಸಾವಿರ, ಸಮಿತಿಗೆ 1 ಲಕ್ಷ. ಒಟ್ಟು 1.75 ಲಕ್ಷ. ಬಯಲು ಸೀಮೆಯಲ್ಲಿ ಒಂದು ಕೇಂದ್ರಕ್ಕೆ 30 ಸಾವಿರ ಜನ ಅನ್ನುವುದು ಸರ್ಕಾರದ್ದೇ ಲೆಕ್ಕ. ಭಾಗಿಸಿದರೆ ತಲೆಗೆ ವರ್ಷಕ್ಕೆ ಆರು ರೂಪಾಯಿಯೂ ಬೀಳುವುದಿಲ್ಲ. ಅದರಲ್ಲಿ ನಲ್ಲಿ ರಿಪೇರಿ ಆಗಬೇಕು, ಬಲ್ಬು ಬದಲಾಗಬೇಕು, ಫಿನಾಯಿಲ್ ಬರಬೇಕು, ಕಸ ಗುಡಿಸುವವರಿಗೆ ಕೂಲಿ ಹೋಗಬೇಕು. ಸಭೆಯ ಕಾಫಿ ಬಿಸ್ಕತ್ತು ಬೇರೆ.

ಅಷ್ಟಾದರೂ ಸರಿಯಾಗಿ ಖರ್ಚಾಗುತ್ತದಾ? ಏಪ್ರಿಲ್‌ನಿಂದ ಫೆಬ್ರವರಿವರೆಗೆ ಹಣ ಬಂದಿರುವುದಿಲ್ಲ, ಅಥವಾ ಬಂದದ್ದು ಯಾರಿಗೂ ಗೊತ್ತಿರುವುದಿಲ್ಲ. ಮಾರ್ಚ್‌ನಲ್ಲಿ ಎಲ್ಲರಿಗೂ ಒಮ್ಮೆಲೇ ಜ್ಞಾನೋದಯ. 31ರೊಳಗೆ ಖರ್ಚು ತೋರಿಸಬೇಕು! ಆಗ ಬರುವುದೇ ಗೋಡೆ ಬಣ್ಣ. ನಮ್ಮ ಸರ್ಕಾರಿ ಆಸ್ಪತ್ರೆಗಳಷ್ಟು ಬಣ್ಣ ಹಚ್ಚಿಸಿಕೊಂಡ ಕಟ್ಟಡ ಬೇರೆ ಇರಲಿಕ್ಕಿಲ್ಲ. ಸೋರುವ ಚಾವಣಿಗೂ ಬಣ್ಣ, ಬೀಗ ಹಾಕಿದ ಶೌಚಾಲಯದ ಬಾಗಿಲಿಗೂ ಬಣ್ಣ. ಸಾಲದ್ದಕ್ಕೆ ಆಸ್ಪತ್ರೆ ಸ್ವಚ್ಛತೆಗೆ ಕೊಡುವ ‘ಕಾಯಕಲ್ಪ’ ಪ್ರಶಸ್ತಿಗೆ ಪರಿಶೀಲನೆ ಇದ್ದರೆ ಹೂವಿನ ಕುಂಡಗಳೂ ಬರುತ್ತವೆ. ಪರಿಶೀಲನೆ ಮುಗಿದ ಸಂಜೆ ಕುಂಡಗಳು ಬಂದ ದಾರಿಯಲ್ಲೇ ವಾಪಸ್. ಅವಕ್ಕೂ ಬೇರೆ ಕೇಂದ್ರಗಳಿಗೆ ಹೋಗಬೇಕಲ್ಲ, ನಿಯೋಜನೆ ಮೇಲೆ. ನಮ್ಮ ಡಾಕ್ಟರ ಥರವೇ.

ಈಗ ಸಭೆಯ ವೈಭವ. ಒಂದು ಸಲ ನಡಾವಳಿ ಪುಸ್ತಕ ಓದಿ ನೋಡಿ, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ ಸಿಗುತ್ತದೆ. ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢೀಕರಿಸಲಾಯಿತು. ಅನುಪಾಲನಾ ವರದಿಯನ್ನು ಸಭೆಯ ಗಮನಕ್ಕೆ ತರಲಾಯಿತು. ಸದರಿ ವಿಷಯವನ್ನು ಸುದೀರ್ಘವಾಗಿ ಚರ್ಚಿಸಿ ಸರ್ವಾನುಮತದಿಂದ ಅನುಮೋದಿಸಲಾಯಿತು. ಎಂಥಾ ಒಗ್ಗಟ್ಟು! ಗ್ರಾಮ ಪಂಚಾಯಿತಿಯಲ್ಲಿ ಒಂದು ಬೀದಿ ದೀಪಕ್ಕೆ ಕುರ್ಚಿ ಎತ್ತಿ ಹೊಡೆದಾಡುವ ಜನ, ಇಲ್ಲಿ ಒಂದೇ ಒಂದು ಭಿನ್ನಮತವಿಲ್ಲದೆ ಕೂತಿದ್ದಾರೆ. ಕಾರಣ ಸರಳ. ಸುಮಾರು ಜನ ಕೂತೇ ಇರಲಿಲ್ಲ. ಪುಸ್ತಕ ಅವರ ಮನೆಗೇ ಹೋಗಿತ್ತು. ಡಿ ಗ್ರೂಪ್ ನೌಕರ ಅದನ್ನು ಸ್ಕೂಟರಿನಲ್ಲಿ ಇಟ್ಟುಕೊಂಡು ಮನೆ ಮನೆ ಸುತ್ತಿ, ‘ಅಣ್ಣಾ, ಇಲ್ಲೊಂದು ಸಹಿ, ಇಲ್ಲೊಂದು’ ಅಂತ ಸುದೀರ್ಘ ಚರ್ಚೆ ಮುಗಿಸಿಕೊಂಡು ಬಂದಿದ್ದ.

ಪುಸ್ತಕದಲ್ಲಿ ನನಗೆ ಬಹಳ ಇಷ್ಟವಾಗುವುದು ‘ಘಟನೋತ್ತರ ಅನುಮೋದನೆ’. ಇಂಥ ಸೊಗಸಾದ ಏರ್ಪಾಡು ಸರ್ಕಾರದಲ್ಲಿ ಇನ್ನೊಂದಿಲ್ಲ. ಮೊದಲು ಖರ್ಚು ಮಾಡುವುದು, ಆಮೇಲೆ ಮಾಡಬಹುದಾ ಅಂತ ಕೇಳುವುದು, ಮಾಡಬಹುದು ಅಂತ ನಾವೇ ಒಪ್ಪುವುದು. ಇದು ಬರೀ ಖರ್ಚಿಗೆ ಯಾಕೆ ಸೀಮಿತ ಅಂತ ನನ್ನ ಪ್ರಶ್ನೆ. ಡಾಕ್ಟರ್ ಬಾರದ ದಿನಗಳಿಗೂ ಘಟನೋತ್ತರವಾಗಿ ಡಾಕ್ಟರನ್ನು ಕೊಡಬಹುದಲ್ಲ. ರಾತ್ರಿ ಆಂಬುಲೆನ್ಸ್ ಸಿಗದೆ ದಾರಿಯಲ್ಲೇ ಹೆತ್ತವಳಿಗೆ ಘಟನೋತ್ತರ ಆಂಬುಲೆನ್ಸ್ ಕಳಿಸಬಹುದು. ಕಡತದ ಪ್ರಕಾರ ಎಲ್ಲರೂ ಆರೋಗ್ಯವಂತರು.

ಪಾಪ, ಸದಸ್ಯರದೇ ಎಲ್ಲ ತಪ್ಪು ಅನ್ನುವಂತಿಲ್ಲ. ಅಪರೂಪಕ್ಕೆ ಒಬ್ಬರು ನಿಜವಾಗಿ ಬಾಯಿ ಬಿಡುತ್ತಾರೆ. ‘ಡಾಕ್ಟ್ರೇ, ಬಿಪಿ ಮಾತ್ರೆ ಯಾಕಿಲ್ಲ?’ ವೈದ್ಯಾಧಿಕಾರಿ ಸದಸ್ಯ ಕಾರ್ಯದರ್ಶಿಯೂ ಹೌದು. ಅವರು ನಿಟ್ಟುಸಿರು ಬಿಟ್ಟು, ‘ಇಂಡೆಂಟ್ ಹಾಕಿದ್ದೀವಿ ಸಾರ್, ಮೇಲಿಂದ ಬಂದಿಲ್ಲ’ ಅನ್ನುತ್ತಾರೆ. ನರ್ಸ್ ಹುದ್ದೆ ಖಾಲಿ ಇದೆಯಲ್ಲ? ಮೇಲಿಂದ ಆಗಬೇಕು. ಎಕ್ಸ್‌ರೇ ಯಂತ್ರ ಇದೆ, ಟೆಕ್ನಿಷಿಯನ್ ಎಲ್ಲಿ? ಮೇಲಿಂದ. ದೇವರೂ ಮೇಲೇ ಇರುವುದರಿಂದ ಈ ಉತ್ತರದಲ್ಲಿ ಒಂದು ಭಕ್ತಿ ಇದೆ. ಕೇಳುವ ಹಕ್ಕು ಸಮಿತಿಗೆ ಕೊಟ್ಟರು. ಉತ್ತರ ಹೇಳಬೇಕಾದವರನ್ನು ಸಭೆಯಿಂದ ಹೊರಗಿಟ್ಟರು. ಸಮಿತಿಯ ಕೈಯಲ್ಲಿ ಉಳಿದದ್ದು ಫಿನಾಯಿಲ್. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಅನುಮಾನ ಬಂದದ್ದು ಅವರಿಗೆ ಏರಿಸಿದ ಐವಿ ದ್ರಾವಣದ ಮೇಲೆ. ಆ ಬಾಟಲಿ ಕೊಳ್ಳುವ ತೀರ್ಮಾನ ಯಾವ ಊರಿನ ಸಮಿತಿಯ ಮುಂದೂ ಬರುವುದಿಲ್ಲ. ಬಾಟಲಿ ತೂಗುಹಾಕುವ ಸ್ಟ್ಯಾಂಡಿಗೆ ಬಣ್ಣ ಹೊಡೆಸುವ ವಿಷಯ ಬರುತ್ತದೆ.

ಹಳ್ಳಿ ಮಟ್ಟಕ್ಕೆ ಇಳಿದರೆ ಇನ್ನೂ ಸಮಿತಿಗಳಿವೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ. ಅದರ ಪಕ್ಕದಲ್ಲಿ ಜನ ಆರೋಗ್ಯ ಸಮಿತಿ. 1946ರಲ್ಲೇ, ದೇಶದ ಆರೋಗ್ಯ ವ್ಯವಸ್ಥೆ ಹೇಗಿರಬೇಕು ಅಂತ ವರದಿ ಕೊಟ್ಟ ಭೋರ್ ಸಮಿತಿ, ಹಳ್ಳಿಗೊಂದು ಆರೋಗ್ಯ ಸಮಿತಿ ಇರಲಿ, ಐದರಿಂದ ಏಳು ಜನ ಸಾಕು ಅಂದಿತ್ತು. ಈಗಿನ ಮಾರ್ಗಸೂಚಿ ಗ್ರಾಮ ಆರೋಗ್ಯ ಸಮಿತಿಗೆ ಕಡಿಮೆ ಅಂದರೂ 15 ಜನ ಬೇಕು ಅನ್ನುತ್ತದೆ. ಅರ್ಧದಷ್ಟು ಮಹಿಳೆಯರಿರಬೇಕು ಅಂತಲೂ ಇದೆ. ಒಳ್ಳೆಯದೇ. ಖಾತೆಗೆ ಬರುವುದು ವರ್ಷಕ್ಕೆ 10 ಸಾವಿರ, ಅಂದರೆ ದಿನಕ್ಕೆ 27 ರೂಪಾಯಿ ಚಿಲ್ಲರೆ. ಅದರಲ್ಲಿ ಆರೋಗ್ಯ, ನೈರ್ಮಲ್ಯ, ಪೌಷ್ಟಿಕತೆ ಮೂರೂ ಆಗಬೇಕು. ಸದ್ಯ, ಶಿಕ್ಷಣ ಸೇರಿಸಿಲ್ಲ.

ಎಲ್ಲರೂ ಪಲ್ಲಕ್ಕಿಯಲ್ಲಿ ಕೂತರೆ ಹೊರುವವರು ಯಾರು ಅನ್ನುತ್ತಾರಲ್ಲ, ಇಲ್ಲಿ ಉತ್ತರ ಗೊತ್ತಿದೆ. ಆಶಾ ಕಾರ್ಯಕರ್ತೆ. ಸಭೆ ಕರೆಯುವುದು ಅವಳು, ಕುರ್ಚಿ ಹಾಕುವುದು ಅವಳು, ನಡಾವಳಿ ಬರೆಯುವುದು ಅವಳು. ಬ್ಲೀಚಿಂಗ್ ಪೌಡರ್ ರಸೀತಿ ಜೋಪಾನ ಮಾಡುವುದೂ ಅವಳೇ. ಲೆಕ್ಕದಲ್ಲಿ ನೂರು ರೂಪಾಯಿ ಆಚೀಚೆ ಆದರೆ ಬೈಸಿಕೊಳ್ಳುವುದು ಇನ್ಯಾರು? 2025ರ ಜನವರಿಯಲ್ಲಿ ಇದೇ ಹೆಣ್ಣುಮಕ್ಕಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಮಲಗಿ ತಿಂಗಳಿಗೆ 15 ಸಾವಿರ ಕೇಳಿದರು. 10 ಸಾವಿರಕ್ಕೆ ಕಡಿಮೆ ಆಗದಂತೆ ನೋಡಿಕೊಳ್ಳುತ್ತೇವೆ ಅಂತ ಮಾತು ಕೊಟ್ಟು ಎಬ್ಬಿಸಿದರು. ಅವರನ್ನು ಸನ್ಮಾನಿಸಿದ ಫ್ಲೆಕ್ಸ್ ಎಲ್ಲಾದರೂ ಕಂಡರೆ ಹೇಳಿ.

ಹಾಗಾದರೆ ಊರಿನವರ ಕೈಗೆ ಇದನ್ನು ಕೊಡುವುದೇ ದಡ್ಡತನವಾ? ಅಲ್ಲ. ಒಮ್ಮೆ ಕೊಟ್ಟು ನೋಡಿದ್ದರು. 2007ರಿಂದ 2009ರವರೆಗೆ ಕರ್ನಾಟಕವೂ ಸೇರಿ ಒಂಬತ್ತು ರಾಜ್ಯಗಳಲ್ಲಿ ಒಂದು ಪ್ರಯೋಗ ನಡೆಯಿತು. ಹಳ್ಳಿಯವರೇ ಕೂತು ತಮ್ಮ ಆರೋಗ್ಯ ಸೇವೆಗೆ ಅಂಕ ಕೊಟ್ಟರು. ಚೆನ್ನಾಗಿದ್ದರೆ ಹಸಿರು, ಸುಮಾರಾಗಿದ್ದರೆ ಹಳದಿ, ಕೆಟ್ಟಿದ್ದರೆ ಕೆಂಪು. ಓದು ಬರಹ ಬಾರದವರಿಗೂ ಅರ್ಥವಾಗುವ ವರದಿ. ಆಮೇಲೆ ಜನಸಂವಾದ. ಅಧಿಕಾರಿಗಳು ಎದುರಿಗೆ ಕೂರಬೇಕು, ಊರಿನವರು ಕೇಳಬೇಕು. ಸಹಿಗೆ ಮಾತ್ರ ಬೇಕಾಗಿದ್ದ ಜನರ ಕೈಗೆ ಕೆಂಪು ಬಣ್ಣ ಬಂತು. ಪ್ರಯೋಗ ಪ್ರಯೋಗವಾಗಿಯೇ ಮುಗಿಯಿತು. ಮಹಾರಾಷ್ಟ್ರ ಅದನ್ನು ಆಮೇಲೂ ವರ್ಷಗಟ್ಟಲೆ ನಡೆಸಿತು. ನಾವು ಬಾಳೆಹಣ್ಣಿನ ದಾರಿ ಹಿಡಿದೆವು.

ನನಗೆ ಸಿಟ್ಟು ಬರುವುದು ಇಲ್ಲಿಯೇ. ಆಸ್ಪತ್ರೆಗೆ ದಿನಾ ಬರುವವರು ಯಾರು? ಡಯಾಬಿಟಿಸ್ ಮಾತ್ರೆಗೆ ಎರಡು ಬಸ್ ಬದಲಿಸಿ ಬರುವ ಮುದುಕ. ಏಳು ತಿಂಗಳ ಹೊಟ್ಟೆ ಹೊತ್ತು ಬೆಳಿಗ್ಗೆಯಿಂದ ಕಟ್ಟೆ ಮೇಲೆ ಕಾಯುವ ಹುಡುಗಿ. ಡಾಕ್ಟರ್ ಯಾವ ವಾರ ಬರುವುದಿಲ್ಲ, ಯಾವ ಚೀಟಿಗೆ ಹೊರಗಿನ ಮೆಡಿಕಲ್ ಶಾಪಿಗೆ ಓಡಬೇಕು, ಹೆರಿಗೆ ವಾರ್ಡಿನಲ್ಲಿ ಗಂಡು ಮಗುವಿಗೆ ಎಷ್ಟು ಕೇಳುತ್ತಾರೆ, ಹೆಣ್ಣಾದರೆ ಎಷ್ಟು, ಎಲ್ಲ ಅವರಿಗೆ ಗೊತ್ತು. ಅವರನ್ನು ಯಾರೂ ಸಮಿತಿಗೆ ಕರೆಯುವುದಿಲ್ಲ. ಕರೆದರೆ ಸಭೆ ಮುಗಿಯುವುದಿಲ್ಲ.

ಇನ್ನು ಪ್ರಜಾಪ್ರಭುತ್ವ. ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಅದರಲ್ಲಿ ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರ ಅಂತ ಹೆಸರು ಹಿಡಿದೇ ಬರೆದಿದೆ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ಆಯಿತು. 2021ಕ್ಕೆ ಅವಧಿ ಮುಗಿಯಿತು. ಆಮೇಲೆ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಳು ಉರುಳಿದವು. ಜನ ಆರಿಸಿದವರು ಇರಲಿಲ್ಲ, ಆಡಳಿತಾಧಿಕಾರಿ ಇದ್ದರು. ನಾಮನಿರ್ದೇಶನ ಮಾತ್ರ ಒಂದು ದಿನವೂ ನಿಲ್ಲಲಿಲ್ಲ. ಚುನಾವಣೆಗೆ ಅಡ್ಡ ಬಂದ ಕಾನೂನಿನ ತೊಡಕು ಶಾಲು ಹೊದಿಸಲು ಅಡ್ಡ ಬರುವುದಿಲ್ಲ.

ಸರ್ಕಾರ ಬದಲಾದರೆ ಸಮಿತಿಯೂ ಬದಲು. ಆಗ ನಿಜವಾದ ಜನದನಿ ಕೇಳಿಬರುತ್ತದೆ. ಹಳೇ ಸದಸ್ಯರು ಆಸ್ಪತ್ರೆ ಗೇಟಿನ ಹೊರಗೆ ಶಾಮಿಯಾನ ಹಾಕಿ ಧರಣಿ ಕೂರುತ್ತಾರೆ. ಡಾಕ್ಟರ್ ಇಲ್ಲ, ಔಷಧಿ ಇಲ್ಲ, ಕುಡಿಯಲು ನೀರಿಲ್ಲ, ಬಡವರ ಗೋಳು ಕೇಳುವವರಿಲ್ಲ. ಒಂದೊಂದು ಮಾತೂ ಸತ್ಯ. ಅವರು ಒಳಗೆ ಕೂತಿದ್ದಾಗಲೂ ಸತ್ಯವಾಗಿಯೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಹೊಸ ಸದಸ್ಯರು ಹೊರಬಂದು ಮನವಿ ಪತ್ರ ತೆಗೆದುಕೊಳ್ಳುತ್ತಾರೆ. ‘ಮುಂದಿನ ಸಭೆಯಲ್ಲಿ ಮಂಡಿಸ್ತೀವಿ ಅಣ್ಣಾ’ ಅನ್ನುತ್ತಾರೆ. ಮುಂದಿನ ಸಭೆ ಯಾವಾಗ ಅಂತ ಹಳಬರು ಕೇಳುವುದಿಲ್ಲ. ಅವರಿಗೆ ಗೊತ್ತು.