ಗೆದ್ದಿರೋದು ಅವಳು ಕಣಣ್ಣ

ಅಕ್ಕನ ಮನೆಯ ಇ-ಸ್ವತ್ತು (ಆಸ್ತಿ ದಾಖಲೆ) ಕೆಲಸಕ್ಕೆ ನಾನು ಪಂಚಾಯಿತಿಗೆ ಅಲೆಯುತ್ತಿದ್ದೇನೆ. ಇವತ್ತು ಅಲ್ಲಿ ಒಬ್ಬ ಗಂಡಸನ್ನು ನೋಡಿದೆ. ಹೊಟ್ಟೆ ತಂಪಾಯಿತು. ಆಮೇಲೆ ಅಷ್ಟೇ ಉರಿಯಿತು.

ಎದುರಿನ ಟೀ ಅಂಗಡಿಯಲ್ಲಿ ಅಧ್ಯಕ್ಷೆಯ ಗಂಡ ಕೂತಿದ್ದ. ತೊಡೆಯ ಮೇಲೆ ಪುಟ್ಟ ಮಗಳು. ಬನ್ ಮುರಿದು, ಹಾಲಲ್ಲಿ ಅದ್ದಿ, ಬಾಯಿಗಿಡುತ್ತಿದ್ದ. ಹಿರಿಯರೊಬ್ಬರು ನಲ್ಲಿ ಅರ್ಜಿ ಹಿಡಿದು ಬಂದರು. "ನೀನೇ ಒಂದು ಮಾತು ಹೇಳಿ ಮಾಡಿಸಿಬಿಡಪ್ಪ." ಅವನು ಕಾಗದ ಮುಟ್ಟಲೇ ಇಲ್ಲ. "ಅಧ್ಯಕ್ಷರು ಒಳಗಿದ್ದಾರೆ, ಅವರನ್ನೇ ಕೇಳಿ. ಗೆದ್ದಿರೋದು ಅವಳು ಕಣಣ್ಣ, ನಾನಲ್ಲ."

ಮಗಳ ಬಾಯಿ ಒರೆಸಿ ಅವನು ಬೈಕ್ ಹತ್ತಿದ್ದೇ ತಡ, ಬೆಂಚಿನ ಮೇಲಿದ್ದವರು ಶುರು ಮಾಡಿದರು. "ಇವನೂ ಒಬ್ಬ ಗಂಡಸಾ? ಹೆಂಡ್ತಿ ಮುಂದೆ ಬಾಯೇ ಬಿಡಲ್ಲ."

ಯಾಕೆ ಬಿಡಬೇಕು? ಆ ಕುರ್ಚಿ ಅವನದಲ್ಲ. ತನ್ನದಲ್ಲದ ಕುರ್ಚಿಯಲ್ಲಿ ಕೂರದೆ ಇರುವುದಕ್ಕೂ ಗಂಡಸುತನ ಬೇಕು. ಎಷ್ಟೋ ಊರಲ್ಲಿ ಅಧ್ಯಕ್ಷೆಯ ಹೆಸರು ಬೋರ್ಡಿನಲ್ಲಿ ಮಾತ್ರ. ಸಭೆಯಲ್ಲಿ ಮಾತು ಗಂಡನದು, ಫೋನ್ ಎತ್ತುವವನೂ ಗಂಡನೇ.

ಇದು ನನ್ನ ಮನೆಯ ಕಥೆಯೂ ಹೌದು. ಇಲ್ಲಿಯವರೆಗೂ ಬರೆದಿರಲಿಲ್ಲ. 1983ರ ಕಾನೂನಿನಲ್ಲೇ ನಮ್ಮ ರಾಜ್ಯ ಮಂಡಲ ಪಂಚಾಯಿತಿಗಳಲ್ಲಿ (ಕೆಲವು ಊರು ಸೇರಿ ಆಗ ಇದ್ದ ಪಂಚಾಯಿತಿ) ಹೆಂಗಸರಿಗೆ ಶೇ. 25 ಸ್ಥಾನ ಮೀಸಲಿಟ್ಟಿತ್ತು. ಅದರ ಹಿಂದೆ ನಿಂತವರು ಸಚಿವ ಅಬ್ದುಲ್ ನಜೀರ್ ಸಾಬ್. ಊರೂರಿಗೆ ಬೋರ್‌ವೆಲ್ ಹಾಕಿಸಿದ್ದಕ್ಕೆ ನಮ್ಮಪ್ಪ ಅವರನ್ನು ನೀರ್ ಸಾಬ್ ಎಂದು ಕರೆದು ಕೈ ಮುಗಿಯುತ್ತಿದ್ದರು. 1987ರಲ್ಲಿ ಅಮ್ಮ ಗೆದ್ದಳು. ಅದೇ ಅಪ್ಪ ಅವಳನ್ನು ಒಂದು ಸಭೆಗೂ ಕಳಿಸಲಿಲ್ಲ. ಸಭೆಯ ಪುಸ್ತಕವೇ ಮನೆಗೆ ಬರುತ್ತಿತ್ತು. ಅಮ್ಮ ಒಲೆ ಮುಂದಿಂದ ಎದ್ದು, ಸೆರಗಿಗೆ ಕೈ ಒರೆಸಿಕೊಂಡು, ಅಪ್ಪ ಬೆರಳಿಟ್ಟ ಕಡೆ ಸಹಿ ಮಾಡುತ್ತಿದ್ದಳು. ಏನು ಬರೆದಿದೆ ಅಂತ ಒಮ್ಮೆ ಕೇಳಿದಳು. "ನಿನಗ್ಯಾಕೆ" ಅಂದರು. ನಮ್ಮಪ್ಪ ಕೆಟ್ಟವರಲ್ಲ. ನಮ್ಮನ್ನು ಪ್ರೀತಿಯಿಂದಲೇ ಸಾಕಿದರು. ಆದರೂ ಆ ಮಾತು ಇನ್ನೂ ಚುಚ್ಚುತ್ತದೆ.

ಹೆಂಗಸರಿಗೆ ಅನುಭವ ಇಲ್ಲ, ಗಂಡ ಜೊತೆಗಿದ್ದರೆ ತಪ್ಪೇನು ಅನ್ನುತ್ತೀರಿ. ಮೊದಲ ಸಲ ಗೆದ್ದ ಗಂಡಸಿಗೆ ಯಾವ ಅನುಭವ ಇತ್ತು? ಅವನ ಹೆಂಡತಿ ಹೋಗಿ ಪಕ್ಕದಲ್ಲಿ ಕೂತಳಾ? ಕೂತು ಕಲಿತ, ಅಷ್ಟೇ ಅಲ್ವಾ? 2010ರಲ್ಲಿ ಮೀಸಲಾತಿ ಅರ್ಧಕ್ಕೆ ಏರಿತು. ಇನ್ನೂ ಅದೇ ನೆಪ. ಜೊತೆಗಿರಬೇಕು ಅಂದರೆ ಇವತ್ತು ನೋಡಿದ ಆ ಗಂಡನ ಹಾಗೆ ಇರಿ. ಅವಳನ್ನು ಬಿಟ್ಟು ಬನ್ನಿ, ಮಗು ನೋಡಿಕೊಳ್ಳಿ. ಸಂಜೆ ಅವಳು ಕೇಳಿದರೆ ಮಾತ್ರ ನಿಮಗೆ ಗೊತ್ತಿರುವುದನ್ನು ಹೇಳಿ.

ರಾತ್ರಿ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು, "ಆ ಹುಡುಗಿ ಎಲ್ಲಿ ಕೂರ್ತಾಳೋ? ಮಧ್ಯದ ಕುರ್ಚೀಲಾ?"

ಹೌದಮ್ಮ ಅಂದೆ.

"ಹೇಗಿದೆಯೋ ಆ ರೂಮು?"