ಕೈಲಿಯ ಕೈಲಿ ಆಗದ್ದು

ನಮ್ಮ ಧಾರಾವಾಹಿಗಳಲ್ಲಿ ಸತ್ತವರು ಎದ್ದು ಬರುವುದು ಹೊಸತೇನಲ್ಲ. ಕಾರಿನ ಸಮೇತ ಘಾಟಿಯಿಂದ ಉರುಳಿದ ಗಂಡ, ಹೆಂಡತಿಯ ಎರಡನೆಯ ಮದುವೆಯ ಮುಹೂರ್ತಕ್ಕೆ ಸರಿಯಾಗಿ, ತಲೆಗೊಂದು ಬ್ಯಾಂಡೇಜು ಸುತ್ತಿಕೊಂಡು ಕಲ್ಯಾಣ ಮಂಟಪದ ಬಾಗಿಲಲ್ಲಿ ನಿಲ್ಲುತ್ತಾನೆ. ನಾವು ಕಾಫಿ ಲೋಟ ಕೆಳಗಿಡದೆ ಅದನ್ನು ನಂಬುತ್ತೇವೆ. ಆದರೆ ಧಾರಾವಾಹಿಯೇ ಸತ್ತು, ಎದ್ದು, ಪುನಃ ಸಾಯುವ ಸಾಹಸವನ್ನು ಮಾಡಿ ತೋರಿಸಿದ್ದು ಆಸ್ಟ್ರೇಲಿಯದ ‘ನೇಬರ್ಸ್’. 2022ರ ಜುಲೈ ತಿಂಗಳಲ್ಲಿ ಅದು ಸಕಲ ಮರ್ಯಾದೆಗಳೊಂದಿಗೆ ಮಣ್ಣಾಯಿತು. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಅಮೆಜಾನ್ ಬಂದು ಬಾಯಿಗೆ ನೀರು ಬಿಟ್ಟಿತು, 2023ರ ಸೆಪ್ಟೆಂಬರಿನಲ್ಲಿ ಹೆಣ ಎದ್ದು ಕೂತಿತು, 2025ರ ಡಿಸೆಂಬರಿನಲ್ಲಿ ಮತ್ತೆ ಕಣ್ಣು ಮುಚ್ಚಿತು. 1985ರಲ್ಲಿ, ಹುಟ್ಟಿದ ವರ್ಷವೇ, ಒಂದು ವಾಹಿನಿ ಅದನ್ನು ಕೈಬಿಟ್ಟು ಇನ್ನೊಂದು ಎತ್ತಿಕೊಂಡದ್ದನ್ನೂ ಲೆಕ್ಕಕ್ಕೆ ಹಿಡಿದರೆ ಇದು ಮೂರನೆಯ ಸಾವು. ತಿಥಿಯನ್ನು ಯಾವ ದಿನ ಮಾಡಬೇಕೆಂಬುದನ್ನು ಪುರೋಹಿತರೇ ಹೇಳಬೇಕು.

ಪ್ರತಿ ಸಾವಿಗೂ ಪತ್ರಿಕೆಗಳು ಒಂದೇ ಚಿತ್ರವನ್ನು ಕಪಾಟಿನಿಂದ ಹೊರತೆಗೆಯುತ್ತವೆ. ಅದು 1987ರ ಮದುವೆಯ ಚಿತ್ರ. ವರ ಸ್ಕಾಟ್, ವಧು ಶಾರ್ಲೀನ್. ವಧುವಿನ ಪಾತ್ರದಲ್ಲಿದ್ದ ಹುಡುಗಿ ಕೈಲಿ ಮಿನೋಗ್. ಚಿತ್ರದ ಕೆಳಗಿನ ಮಾತೂ ಹೆಚ್ಚುಕಡಿಮೆ ಒಂದೇ: ಸೀರಿಯಲ್ಲಿನಲ್ಲಿ ಕಾರು ರಿಪೇರಿ ಮಾಡಿಕೊಂಡಿದ್ದ ಹುಡುಗಿ ಪಾಪ್ ಸಂಗೀತದ ರಾಣಿಯಾಗುತ್ತಾಳೆಂದು ಯಾರು ತಾನೇ ಎಣಿಸಿದ್ದರು ಎಂಬ ಉದ್ಗಾರ. ಮೂವತ್ತೆಂಟು ವರ್ಷವಾಯಿತು, ಎಂಟು ಕೋಟಿಯಷ್ಟು ರೆಕಾರ್ಡುಗಳು ಖರ್ಚಾದವು, ಎರಡು ಗ್ರ್ಯಾಮಿಗಳು ಬಂದವು, ಆ ಉದ್ಗಾರ ಚಿಹ್ನೆ ಮಾತ್ರ ಕೊಡೆಯಂತೆ ಇನ್ನೂ ನೆಟ್ಟಗೆ ನಿಂತಿದೆ. ನನಗೆ ತಕರಾರಿರುವುದು ಆ ಚಿಹ್ನೆಯೊಂದಿಗೆ.

ಶಾರ್ಲೀನ್ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದ ಮೆಕ್ಯಾನಿಕ್. ಈ ಒಂದು ಕಾರಣಕ್ಕೆ ಆ ಧಾರಾವಾಹಿ ಬರೆದವರಿಗೆ ದೂರದಿಂದಲೇ ಕೈ ಮುಗಿಯುತ್ತೇನೆ, ಏಕೆಂದರೆ ನಮ್ಮ ನಾಯಕಿಯ ಕೈಗೆ ಸ್ಪ್ಯಾನರು ಬರಬೇಕಾದರೆ ಅದನ್ನು ಅತ್ತೆ ಸಾಸಿವೆ ಡಬ್ಬಿಯ ಹಿಂದೆ ಬಚ್ಚಿಟ್ಟಿರಬೇಕು. ಹಾಡು ಆಕೆಗೆ ಗಂಟುಬಿದ್ದದ್ದು ಆಕಸ್ಮಿಕವಾಗಿ. ಮೆಲ್ಬರ್ನಿನ ಫಿಟ್ಜ್‌ರಾಯ್ ಫುಟ್‌ಬಾಲ್ ಕ್ಲಬ್ಬಿನ ಸಹಾಯಾರ್ಥ ನಡೆದ ಕಾರ್ಯಕ್ರಮವೊಂದರಲ್ಲಿ ಧಾರಾವಾಹಿಯ ಬಳಗದೊಂದಿಗೆ ಹೋಗಿದ್ದ ಆಕೆ 1962ರ ಹಳೆಯ ಹಾಡೊಂದನ್ನು ಹಾಡಿದಳು. ಅದೇ ಹಾಡು, ‘ಲೋಕೋಮೋಶನ್’, 1987ರಲ್ಲಿ ರೆಕಾರ್ಡಾಗಿ ಆಸ್ಟ್ರೇಲಿಯದಲ್ಲಿ ಏಳು ವಾರ ಮೊದಲ ಸ್ಥಾನದಲ್ಲಿ ಕೂತಿತು. ಒಮ್ಮೆ ಹಾಡಿ ಗೆದ್ದವಳನ್ನು ಸುಮ್ಮನೆ ಬಿಡುವುದು ಯಾವ ವ್ಯಾಪಾರಿಯ ಧರ್ಮ? ಲಂಡನ್ನಿಗೆ ಕಳುಹಿಸಿದರು.

ಲಂಡನ್ನಿನಲ್ಲಿ ಆಗ ಮೈಕ್ ಸ್ಟಾಕ್, ಮ್ಯಾಟ್ ಏಟ್ಕನ್, ಪೀಟ್ ವಾಟರ್‌ಮನ್ ಎಂಬ ಮೂವರು ಮಹನೀಯರು ಹಾಡಿನ ಕಾರ್ಖಾನೆಯೊಂದನ್ನು ನಡೆಸುತ್ತಿದ್ದರು. ಕಾರ್ಖಾನೆ ಎಂಬುದು ನನ್ನ ಕುಹಕವಲ್ಲ. ‘ಹಿಟ್ ಫ್ಯಾಕ್ಟರಿ’ ಎಂಬುದು ಅವರಿಗೆ ಸಂದ ಬಿರುದು, ಅದನ್ನು ಅವರು ಪದಕದಂತೆ ಧರಿಸಿದರು. ಬ್ರಿಟನ್ನಿನ ಮೊದಲ ನಲವತ್ತು ಹಾಡುಗಳ ಪಟ್ಟಿಗೆ ನೂರಕ್ಕೂ ಮಿಕ್ಕಿ ಹಾಡುಗಳನ್ನು ಸರಬರಾಜು ಮಾಡಿದವರು ಅವರು. ಇಂಥ ಮಹನೀಯರು, ಮೆಲ್ಬರ್ನಿನಿಂದ ಹತ್ತೊಂಬತ್ತರ ಹುಡುಗಿಯೊಬ್ಬಳು ಬಂದಿದ್ದಾಳೆ ಎಂಬುದನ್ನೇ ಮರೆತುಬಿಟ್ಟಿದ್ದರು. ಆಕೆ ಮನೆಗೆ ಮರಳುವ ವಿಮಾನಕ್ಕೆ ಕೆಲವೇ ಗಂಟೆಗಳು ಬಾಕಿಯಿದ್ದವು. ಅಲ್ಲಿ ಚಿತ್ರೀಕರಣ ಕಾಯುತ್ತಿತ್ತು. ಆಗ ನೆನಪಾಯಿತು. ಆಕೆ ಹೊರಗೆ ಕಾದಿದ್ದಳು, ಒಳಗೆ ನಲವತ್ತು ನಿಮಿಷಗಳಲ್ಲಿ ‘ಐ ಶುಡ್ ಬಿ ಸೋ ಲಕ್ಕಿ’ ಎಂಬ ಹಾಡು ಹುಟ್ಟಿತು.

ನಲವತ್ತು ನಿಮಿಷ! ನಮ್ಮ ಮನೆಯಲ್ಲಿ ಅಷ್ಟು ಹೊತ್ತಿನಲ್ಲಿ ತೊಗರಿಬೇಳೆ ಬೆಂದು, ಹುಳಿಗೆ ಒಗ್ಗರಣೆ ಬಿದ್ದು, ಎಲೆ ಹಾಕುವ ಹಂತಕ್ಕೆ ಬರುವುದೇ ಕಷ್ಟ. ಬೇಳೆಗಾದರೂ ನೆನೆಯಬೇಕೆಂಬ ಹಟವಿರುತ್ತದೆ; ಈ ಸಾಹಿತ್ಯಕ್ಕೆ ಅದೂ ಇರಲಿಲ್ಲ. ಮುಖ್ಯ ಶಬ್ದ ‘ಲಕ್ಕಿ’, ಅದನ್ನು ಒಮ್ಮೆ ಹೇಳಿ ಸಾಲದಾದಾಗ ಮತ್ತೆ ಹೇಳುವುದು, ಆಗಲೂ ಸಾಲದಾದಾಗ ಇನ್ನೂ ಕೆಲವು ಸಲ ಹೇಳುವುದು. ಇದನ್ನು ನಿಂದೆಯೆಂದು ತಿಳಿಯಬಾರದು. ವಿಷ್ಣುವಿಗೆ ಸಾವಿರ ಹೆಸರು ಹುಡುಕಿದ ನಮ್ಮ ಪೂರ್ವಿಕರ ಶ್ರಮವನ್ನು ನೆನೆದರೆ, ಒಂದೇ ಹೆಸರನ್ನು ಉಳಿತಾಯದಿಂದ ಬಳಸಿದ ಈ ಮೂವರ ಲೆಕ್ಕಾಚಾರಕ್ಕೆ ತಲೆದೂಗಲೇಬೇಕು. 1988ರ ಆರಂಭದಲ್ಲಿ ಆ ಹಾಡು ಬ್ರಿಟನ್ನಿನಲ್ಲಿ ಐದು ವಾರ ಮೊದಲ ಸ್ಥಾನದಲ್ಲಿತ್ತು. ಎರಡನೆಯ ಹಾಡು ಬೇಕಾದಾಗ ಸ್ಟಾಕ್ ಅವರು ತಾವೇ ಆಸ್ಟ್ರೇಲಿಯಕ್ಕೆ ಹಾರಿ, ಕಾಯಿಸಿದ್ದಕ್ಕಾಗಿ ಆಕೆಯ ಮುಂದೆ ತಪ್ಪೊಪ್ಪಿಕೊಳ್ಳಬೇಕಾಯಿತಂತೆ; ಇದನ್ನು ಅವರೇ ಹೇಳಿಕೊಂಡಿದ್ದಾರೆ. ಅದೃಷ್ಟ ಯಾರದ್ದೆಂಬುದು ಅಷ್ಟರಲ್ಲಿ ಅವರಿಗೆ ಹೊಳೆದಿರಬೇಕು.

ಇಲ್ಲಿ ಒಂದು ಕಾಲಜ್ಞಾನದ ವಿಷಯವನ್ನು ಹೇಳದೆ ಮುಂದೆ ಹೋಗಲಾರೆ. ‘ನೇಬರ್ಸ್’ ಬ್ರಿಟನ್ನಿನಲ್ಲಿ ಪ್ರಸಾರವಾಗುತ್ತಿದ್ದದ್ದು ಆಸ್ಟ್ರೇಲಿಯಕ್ಕಿಂತ ಸುಮಾರು ಒಂದೂವರೆ ವರ್ಷ ತಡವಾಗಿ. ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ನೋಡಲು ಅನುಕೂಲವಾಗಲಿ ಎಂದು ಬಿಬಿಸಿಯ ಅಧಿಕಾರಿಯೊಬ್ಬರ ಮಗಳೇ ಸಲಹೆ ಕೊಟ್ಟು ಸಂಜೆ 5.35ಕ್ಕೆ ಅದನ್ನು ತರಿಸಿದಳೆಂಬುದು ಪ್ರಸಿದ್ಧ ಕಥೆ. ಒಂದು ರಾಷ್ಟ್ರದ ಪ್ರಸಾರ ನೀತಿ ಮನೆಯ ಊಟದ ಮೇಜಿನ ಮೇಲೆ ನಿರ್ಧಾರವಾಗುವುದು ನಮ್ಮಲ್ಲಿ ಮಾತ್ರವಲ್ಲ ಎಂದು ಸಮಾಧಾನವಾಗುತ್ತದೆ. ಅದು ಹಾಗಿರಲಿ. 1987ರ ಜುಲೈನಲ್ಲಿ ಆಸ್ಟ್ರೇಲಿಯದವರು ಉಂಡು ಕೈ ತೊಳೆದಿದ್ದ ಮದುವೆಯನ್ನು ಬ್ರಿಟನ್ನಿನವರು 1988ರ ನವೆಂಬರಿನಲ್ಲಿ ನೋಡಿದರು, ಅದೂ ಎರಡು ಕೋಟಿಯ ಹತ್ತಿರ ಹತ್ತಿರ ಜನ. ಅಷ್ಟರಲ್ಲಿ ವಧು ಧಾರಾವಾಹಿಯನ್ನೇ ಬಿಟ್ಟು ತಿಂಗಳುಗಳಾಗಿದ್ದವು, ಆಕೆಯ ಮೊದಲ ಆಲ್ಬಂ ಅದೇ ದೇಶದ ಪಟ್ಟಿಯ ತುದಿ ಮುಟ್ಟಿ ಬಂದಿತ್ತು. ಅಂದರೆ ಒಂದೇ ಸಂಜೆ, ಒಂದೇ ಪೆಟ್ಟಿಗೆಯಲ್ಲಿ, ಐದೂವರೆಗೆ ಆಕೆಯ ಕೈಗೆ ಎಂಜಿನ್ ಎಣ್ಣೆ ಮೆತ್ತಿರುತ್ತಿತ್ತು, ಊಟದ ಹೊತ್ತಿಗೆ ಆಕೆ ಜಗಮಗಿಸುವ ದೀಪಗಳ ನಡುವೆ ಹಾಡುತ್ತಿದ್ದಳು. ಮದುವೆಯ ಕಂತು ಬಂದ ಕೆಲವೇ ವಾರಗಳಲ್ಲಿ ವಧೂವರರಿಬ್ಬರೂ ಸೇರಿ ಹಾಡಿದ ಪ್ರೇಮಗೀತೆಯೂ ಅಂಗಡಿಗೆ ಬಂದು, 1989ರ ಜನವರಿಯಲ್ಲಿ ಮೊದಲ ಸ್ಥಾನಕ್ಕೇರಿತು. ಮುಯ್ಯಿಯನ್ನು ಹೀಗೆ ಮನೆಮನೆಯಿಂದ ವಸೂಲು ಮಾಡಿದ ಮದುವೆ ಇನ್ನೊಂದಿಲ್ಲ.

ಪತ್ರಿಕೆಗಳು ಆಕೆಗೆ ಇಟ್ಟ ಹೆಸರು ‘ಹಾಡುವ ಬಜಿ’. ಎರಡನೆಯ ಅಕ್ಷರಕ್ಕೆ ಒತ್ತು ಕೊಟ್ಟು ಓದಿ, ಮಳೆಗಾಲದ ಸಂಜೆಯನ್ನೂ ಹಸಿಮೆಣಸಿನಕಾಯಿಯನ್ನೂ ನೆನೆಸಿಕೊಳ್ಳಬಾರದು. ಬಜಿ ಎಂದರೆ ನಮ್ಮಲ್ಲಿ ಪಂಜರಕ್ಕೆ ಹಾಕಿ, ವರಾಂಡದಲ್ಲಿ ತೂಗುಬಿಟ್ಟು, ‘ಲವ್ ಬರ್ಡ್ಸ್’ ಎಂದು ತಪ್ಪಾಗಿ ಕರೆಯುವ ಪುಟ್ಟ ಗಿಳಿ; ಅದರ ತವರು ಆಸ್ಟ್ರೇಲಿಯ. ಹೇಳಿಕೊಟ್ಟದ್ದನ್ನು ಒಪ್ಪಿಸುವ ಹಕ್ಕಿ ಎಂಬುದು ಹೆಸರಿನೊಳಗಿನ ಕುಟುಕು. ಹೇಳಿಕೊಟ್ಟವರು ಯಾರು? ಆ ಮೂವರು ಮಹನೀಯರು. ಅವರು ಬರೆದರು, ಅವರು ರಾಗ ಹಾಕಿದರು, ಆಕೆಯನ್ನು ಕಾಯಿಸಿದರು, ವಿಮಾನಕ್ಕೆ ಹೊತ್ತಾಯಿತೆಂದು ಅವಸರದಲ್ಲಿ ಹಾಡಿಸಿದರು. ಸರಕು ಹಗುರವಾಯಿತೆಂದು ಜನರಿಗೆ ಅನ್ನಿಸಿದಾಗ ಬೈಗುಳವನ್ನು ಮಾತ್ರ ಹೊರಗೆ ಕಾದಿದ್ದವಳ ಹೆಸರಿಗೆ ಬರೆದರು. ಅದೇ ಕಾರ್ಖಾನೆಯಲ್ಲಿ ಚಹಾ ಮಾಡಿಕೊಡುತ್ತಿದ್ದರೆಂದು ಹೆಸರಾದ ರಿಕ್ ಆಸ್ಟ್ಲಿಯವರೂ 1987ರಲ್ಲಿಯೇ ಹಾಡಿ ಮೊದಲ ಸ್ಥಾನಕ್ಕೆ ಬಂದರು. ಚಹಾ ಹುಡುಗ ಗಾಯಕನಾದರೆ ಅದು ಕಷ್ಟಪಟ್ಟು ಮೇಲೆ ಬಂದ ಕಥೆ. ನಟಿ ಗಾಯಕಿಯಾದರೆ ಅತಿಕ್ರಮ ಪ್ರವೇಶ. ವರನ ಪಾತ್ರ ಮಾಡಿದ ಜೇಸನ್ ಡೊನೊವನ್ ಅವರೂ ಅಲ್ಲಿಗೇ ಹೋಗಿ ಹಾಡಿದರು, 1989ರಲ್ಲಿ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂ ಅವರದೇ ಆಯಿತು. ಅವರನ್ನು ಗೇಲಿ ಮಾಡಲಿಲ್ಲವೆನ್ನಲಾರೆ, ಆದರೆ ಇಷ್ಟು ಕಾಲ ಬಾಳುವ ಹಕ್ಕಿಯ ಹೆಸರೊಂದು ಅವರಿಗೆ ಅಂಟಿಕೊಳ್ಳಲಿಲ್ಲ.

ನೀವು ಗಮನಿಸಿರಬಹುದು. ಸ್ಟಾಕ್ ಅವರು, ಆಸ್ಟ್ಲಿಯವರು, ಡೊನೊವನ್ ಅವರು ಎಂದು ಗಂಡಸರಿಗೆಲ್ಲ ಬಹುವಚನದ ಶಾಲು ಹೊದಿಸಿದ ನಾನು, ಆಕೆ ಹಾಡಿದಳು, ಆಕೆ ಕಾದಳು ಎಂದು ಮೊದಲಿನಿಂದಲೂ ಏಕವಚನದಲ್ಲೇ ಎಳೆದುಕೊಂಡು ಬಂದಿದ್ದೇನೆ. ಬೇಕೆಂದು ಮಾಡಿದ್ದಲ್ಲ, ಹಾಗೆಯೇ ಬಂತು. ಸೀರಿಯಲ್ಲಿನ ಹೆಣ್ಣು ನಮ್ಮ ನಡುಮನೆಗೆ ದಿನವೂ ಹೇಳದೆ ಕೇಳದೆ ಬರುವವಳು, ನಾವು ಬನಿಯನ್ನಿನಲ್ಲಿ ಕೂತು ನೋಡುವಾಗ ಅಳುವವಳು, ಆದ್ದರಿಂದ ನಮ್ಮ ಸ್ವಂತದವಳು. ಸ್ವಂತದವಳಿಗೆ ಬಹುವಚನ ಯಾಕೆ, ಪಾರಿತೋಷಕ ಯಾಕೆ, ಅನುಮತಿಯಿಲ್ಲದೆ ಪಕ್ಕದ ವೃತ್ತಿಗೆ ಕಾಲಿಡುವ ಸಲಿಗೆಯಾದರೂ ಯಾಕೆ? ಸಾಕು. ಐವತ್ತೈದು ದಾಟಿದ ಹೆಂಗಸಿಗೆ ಇನ್ನು ಮುಂದಾದರೂ ‘ಅವರು’ ಎನ್ನುವೆ.

ಅವರ ಹಾಡು ಸಂಗೀತವೆಂದು ಒಪ್ಪಿತವಾದ ಬಗೆಯಂತೂ ಅಪೂರ್ವವಾದದ್ದು. ನಿಕ್ ಕೇವ್ ಎಂಬ ಆಸ್ಟ್ರೇಲಿಯದ ಕವಿ-ಗಾಯಕರಿದ್ದಾರೆ. ಕಪ್ಪು ಕೋಟು, ಕೊಲೆ, ದೇವರು, ಸಾವು ಇತ್ಯಾದಿ ಗಂಭೀರ ವಿಷಯಗಳ ಅಧಿಕೃತ ವಕ್ತಾರರು. 1995ರಲ್ಲಿ ಅವರು ಕೈಲಿಯವರೊಂದಿಗೆ ಒಂದು ಯುಗಳಗೀತೆ ಹಾಡಿದರು. ಅದರಲ್ಲಿ ಕೈಲಿಯವರು ಕೊಲೆಯಾಗುತ್ತಾರೆ, ಗಂಭೀರ ಸಂಗೀತಕ್ಕೆ ಪ್ರವೇಶ ಶುಲ್ಕ ಅಷ್ಟೇ. ಮರುವರ್ಷ ಅದೇ ಕೇವ್ ಅವರ ಒತ್ತಾಯಕ್ಕೆ, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆದ ಕವಿಗೋಷ್ಠಿಯೊಂದರಲ್ಲಿ, ಕೈಲಿಯವರು ತಮ್ಮ ‘ಲಕ್ಕಿ’ ಹಾಡನ್ನು ರಾಗವಿಲ್ಲದೆ, ತಾಳವಿಲ್ಲದೆ, ಕವಿತೆಯಂತೆ ಓದಿದರು. ದೃಶ್ಯವನ್ನು ಊಹಿಸಿಕೊಳ್ಳಿ. ವಿಮಾನದ ಹೊತ್ತಾಯಿತೆಂದು ಅವಸರದಲ್ಲಿ ಗೀಚಿದ ಸಾಲುಗಳು. ಎದುರಿಗೆ ಗದ್ದ ಸವರಿಕೊಳ್ಳುತ್ತ ಕೂತ ಕಾವ್ಯರಸಿಕರು. ಎಂಟು ವರ್ಷದ ಹಿಂದೆ ಅಂಗಡಿಯ ಧ್ವನಿವರ್ಧಕದಲ್ಲಿ ಕೇಳಿ ಕಿವಿ ಮುಚ್ಚಿಕೊಂಡಿದ್ದವರಿಗೆ ಅದರಲ್ಲಿ ಈಗ ವ್ಯಂಗ್ಯ ಕಂಡಿರಬೇಕು, ವಿಷಾದ ಕಂಡಿರಬೇಕು, ಆಧುನಿಕ ಮನುಷ್ಯನ ಒಂಟಿತನವೂ ಕಂಡಿರಬೇಕು. 1999ರಲ್ಲಿ ಪ್ರೇಮಗೀತೆಯ ಕುರಿತು ಉಪನ್ಯಾಸ ಕೊಡುತ್ತ ಕೇವ್ ಅವರು ಅದೇ ಕಾರ್ಖಾನೆ ಕೈಲಿಯವರಿಗೆಂದು ತಯಾರಿಸಿದ ‘ಬೆಟರ್ ದ ಡೆವಿಲ್ ಯು ನೋ’ ಹಾಡನ್ನು, ಪಾಪ್ ಸಂಗೀತದ ಅತ್ಯಂತ ಕ್ರೂರ ಪ್ರೇಮಗೀತೆಗಳ ಸಾಲಿನಲ್ಲಿಟ್ಟು ವ್ಯಾಖ್ಯಾನಿಸಿದರು. ಕೇವ್ ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರು ಮನಸಾರೆ ಮೆಚ್ಚಿದವರು. ಸಿಟ್ಟು ಬರುವುದು ಅವರು ಬಂದು ಸಹಿ ಹಾಕಿಕೊಡುವ ತನಕ ಕಾದು ಕೂತ ನಮ್ಮಂಥವರ ಮೇಲೆ. ಗೆಜೆಟೆಡ್ ಅಧಿಕಾರಿಯ ಮೊಹರು ಬೀಳದೆ ಅಂಕಪಟ್ಟಿಯ ನಕಲು ಅಸಲಾಗುವುದಿಲ್ಲವಲ್ಲ, ಅದೇ ಕ್ರಮ.

ಮೊಹರು ಬಿದ್ದ ಮೇಲೆ ಉಳಿದದ್ದೆಲ್ಲ ಸಲೀಸು. 2000ದ ಒಂದು ಹಾಡಿನ ವಿಡಿಯೋದಲ್ಲಿ ಅವರು ತೊಟ್ಟ, ಹಳೆಬಟ್ಟೆಯ ಸಂತೆಯಲ್ಲಿ ಐವತ್ತು ಪೆನ್ಸಿಗೆ ಕೊಂಡದ್ದೆನ್ನಲಾದ ಚಿನ್ನದ ಬಣ್ಣದ ತುಂಡು ಚಡ್ಡಿಯನ್ನು ಮೆಲ್ಬರ್ನಿನ ಕಲಾಕೇಂದ್ರದ ಸಂಗ್ರಹದಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. 2008ರಲ್ಲಿ ಒಬಿಇ ಎಂಬ, ಬ್ರಿಟನ್ನಿನ ಸರ್ಕಾರಿ ಗೌರವ ಬಂತು. ಮೆಲ್ಬರ್ನಿನ ಡಾಕ್‌ಲ್ಯಾಂಡ್ಸಿನಲ್ಲಿ 2006ರಲ್ಲಿಯೇ ಕಂಚಿನ ಪ್ರತಿಮೆ ನಿಂತಿತ್ತು, ಅದೂ ಆಪೆರಾ ಲೋಕದ ಮಹಾಗಾಯಕಿ ನೆಲ್ಲಿ ಮೆಲ್ಬಾ ಅವರ ಸಾಲಿನಲ್ಲಿ. ಅದರ ಹಿಂದಿನ ವರ್ಷ ಅವರಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾದಾಗ ಆಸ್ಟ್ರೇಲಿಯದಲ್ಲಿ ತಪಾಸಣೆಗೆ ಹೆಸರು ಬರೆಸುವ ಹೆಂಗಸರ ಸಂಖ್ಯೆ ಒಮ್ಮೆಲೇ ಏರಿತು. ಯಾರ ಮಾತಿಗೂ ಆಸ್ಪತ್ರೆಯ ಮೆಟ್ಟಿಲು ಹತ್ತದವರು ಹತ್ತಿದ್ದು ಈ ಸೀರಿಯಲ್ ಹುಡುಗಿಗಾಗಿ. ಅದಕ್ಕೆ ಮಾತ್ರ ಯಾರೂ ಉದ್ಗಾರ ಚಿಹ್ನೆ ಹಾಕಿದ್ದನ್ನು ನಾನು ನೋಡಿಲ್ಲ.

2025ರ ಫೆಬ್ರುವರಿಯಲ್ಲಿ ನಾವು ಮೆಲ್ಬರ್ನಿನ ಗ್ಲೆನ್ ವೇವರ್ಲಿಯಲ್ಲಿರುವ ಮಗನ ಮನೆಯಲ್ಲಿದ್ದೆವು. ಧಾರಾವಾಹಿಯ ಬೀದಿ ಅಲ್ಲಿಂದ ಹತ್ತಿರವೇ. ವರ್ಮಾಂಟ್ ಸೌತ್ ಬಡಾವಣೆಯ ಪಿನ್ ಓಕ್ ಕೋರ್ಟ್ ಎಂಬ, ಮುಂದೆ ದಾರಿಯಿಲ್ಲದ ಪುಟ್ಟ ರಸ್ತೆ. ಆರೇಳು ಇಟ್ಟಿಗೆ ಮನೆಗಳು, ಅವುಗಳಲ್ಲಿ ನಿಜವಾದ ಸಂಸಾರಗಳು. ಆ ದಿನ ಕಸದ ಗಾಡಿ ಬರುವ ದಿನವಿರಬೇಕು, ಪ್ರತಿ ಮನೆಯ ಮುಂದೆ ಹಳದಿ ಮುಚ್ಚಳದ ಡಬ್ಬಿ. ಅಲ್ಲಿ ಇಂಗ್ಲೆಂಡಿನಿಂದ ಬಂದ ಐವತ್ತರ ಆಸುಪಾಸಿನ ದಂಪತಿಗಳಿದ್ದರು. ಆಕೆ ತೊಟ್ಟ ಟೀ ಶರ್ಟಿನ ಮೇಲೆ ಕೈಲಿಯವರ ಮುಖ. ಅದೇ ವಾರ ಊರಿನಲ್ಲಿ ಅವರ ಕಾರ್ಯಕ್ರಮವಿತ್ತು. ಟಿಕೆಟ್ಟಿಗೆಂದೇ ಸಮುದ್ರ ದಾಟಿ ಬಂದವರು. ತಾವು ಹದಿಮೂರು ವರ್ಷದವರಿದ್ದಾಗ ಶಾರ್ಲೀನಳಂತೆ ಕೂದಲು ಗುಂಗುರು ಮಾಡಿಸಿಕೊಂಡದ್ದು, ಅಮ್ಮ ವಾರಗಟ್ಟಲೆ ಮಾತು ಬಿಟ್ಟದ್ದು ಎಲ್ಲವನ್ನೂ ಹೇಳಿ, ಕೊನೆಗೆ ಪ್ರೀತಿಯಿಂದಲೇ ನಕ್ಕು, ಪಾಪ, ಹಾಡುವುದು ಮಾತ್ರ ಅವಳ ಕೈಲಿ ಆಗುವುದಿಲ್ಲ ಬಿಡಿ ಎಂದರು. ಇಂಗ್ಲಿಷಿನಲ್ಲಿ ಏಕವಚನ ಬಹುವಚನದ ಗೊಡವೆಯಿಲ್ಲ, ಆದರೂ ನನಗೆ ಕೇಳಿಸಿದ್ದು ಏಕವಚನವೇ.

“ಹಾಡೋಕೆ ಬರಲ್ಲ ಅಂದ್ರೆ ಅಷ್ಟು ದೂರದಿಂದ ದುಡ್ಡು ಕೊಟ್ಟು ಯಾಕೆ ಬಂದ್ರಂತೆ, ಕೇಳ್ರೀ” ಎಂದು ನನ್ನ ಹೆಂಡತಿ ಕನ್ನಡದಲ್ಲಿ ಪಿಸುಗುಟ್ಟಿದಳು. ಕೇಳಲು ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಆ ತಾಯಿ ತಮ್ಮ ಫೋನನ್ನು ನನ್ನ ಕೈಗಿತ್ತು, ರಸ್ತೆಯ ನಡುವೆ ಹೋಗಿ ನಿಂತು, ಕಸದ ಡಬ್ಬಿಗಳು ಬಾರದ ಹಾಗೆ, ಹಿಂದೆ ಶಾರ್ಲೀನಳ ಮನೆ ಪೂರ್ತಿ ಕಾಣುವ ಹಾಗೆ ಒಂದು ಫೋಟೋ ತೆಗೆಯಿರಿ ಎಂದರು.